ರಾಮಸ್ವಾಮಿಯವರ ಸೆಪ್ಟಿಕ್ ವ್ಯುತ್ಪತ್ತಿ

ಮಲಾಡ್ ಪಶ್ಚಿಮದ ಶುಭಚಿಂತನ ಹೌಸಿಂಗ್ ಸೊಸೈಟಿಯ ಮೀಟಿಂಗುಗಳಲ್ಲಿ ಮನೆ ಕೊಂಡ ದಿನದಿಂದಲೂ ಬಾಯಿ ತೆರೆಯದೆ ಕುಳಿತಿದ್ದ ರಾಮಸ್ವಾಮಿಯವರು ಆ ಮೇ ತಿಂಗಳ ಮೀಟಿಂಗಿನಲ್ಲೂ ಹಾಗೆಯೇ ಕುಳಿತಿದ್ದಿದ್ದರೆ, ಕಾಶಪ್ಪನವರ ಮನೆಯ ಸೋಫಾ ಇವತ್ತಿಗೂ ಉಳಿದಿರುತ್ತಿತ್ತು. ಅವರು ಅಂದು ಒಂದೇ ಒಂದು ಸಲ ಕೈ ಎತ್ತಿದರು. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ರಾಮಸ್ವಾಮಿ ಮೈಸೂರಿನ ಕಡೆಯವರು. ಅಂಧೇರಿಯ ಒಂದು ಔಷಧ ಕಂಪನಿಯ ಲೇಬಲ್ ವಿಭಾಗದಲ್ಲಿ ಕೂದಲು ನರೆಯುವವರೆಗೆ ದುಡಿದು ನಿವೃತ್ತರಾದವರು. ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ಅಕ್ಷರ ತಪ್ಪದಂತೆ ನೋಡುವುದು ಅವರ ಕೆಲಸ. ಆ ಅಕ್ಷರಗಳಿಗೆ ಅರ್ಥವೂ ಇರುತ್ತದೆ ಎಂಬುದು ಬೇರೆ ವಿಭಾಗದವರ ತಲೆನೋವಾಗಿತ್ತು. ನಿವೃತ್ತಿಯಾದ ಮೇಲೆ ಮಾಟುಂಗದಲ್ಲಿ ಯಾರದೋ ಭಾಷಣ ಕೇಳಲು ಹೋದವರು ಇಂಗ್ಲಿಷಿನ ಡೆಂಟಲ್‌ಗೂ ನಮ್ಮ ದಂತಕ್ಕೂ, ನೇಸಲ್‌ಗೂ ನಮ್ಮ ನಾಸಿಕಕ್ಕೂ ನೆಂಟಸ್ತನವಿದೆಯೆಂಬ ಸುದ್ದಿಯನ್ನು ಹೊತ್ತು ಮನೆಗೆ ಬಂದರು. ಸುದ್ದಿ ನಿಜವೇ. ಆದರೆ ಅಂದಿನಿಂದ ಯಾವ ಇಂಗ್ಲಿಷ್ ಶಬ್ದವನ್ನು ಕಂಡರೂ ಅದರ ಮೂಗು, ಕಿವಿಯೆಲ್ಲ ನಮ್ಮವರ ಹಾಗೆಯೇ ಅವರಿಗೆ ಕಾಣತೊಡಗಿತು. ಹೆಂಡತಿ ವಿಮಲಾ ಹುರುಳಿಕಾಯಿಯ ನಾರು ತೆಗೆಯುತ್ತ ಈ ಎಲ್ಲ ಸಂಶೋಧನೆಗಳಿಗೂ ಹೂಂಗುಟ್ಟುತ್ತಿದ್ದರು. ಮನೆಯೊಳಗೆ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಶುಭಚಿಂತನ ಇದ್ದ ಗಲ್ಲಿಗೆ ಒಳಚರಂಡಿಯ ಪೈಪು ಇನ್ನೂ ಬಂದಿರಲಿಲ್ಲ. ಕಟ್ಟಡದ ಹಿಂಭಾಗದಲ್ಲಿ ಒಂದು ಸೆಪ್ಟಿಕ್ ಟ್ಯಾಂಕು, ಅದರ ಪಕ್ಕದ ಗೋಡೆಗೆ ತಾಗಿದಂತೆ ಕಾಶಪ್ಪನವರ ಗ್ರೌಂಡ್ ಫ್ಲೋರ್ ಮನೆ. ಕಾಶಪ್ಪ ವಿಜಯಪುರದವರು, ಗ್ರಾಂಟ್ ರೋಡಿನಲ್ಲಿ ಬೀಗ, ಬಾಗಿಲ ಕೊಂಡಿಗಳ ಅಂಗಡಿ ಇಟ್ಟಿದ್ದರು. ಇಡೀ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳೆಂದರೆ ಇವೆರಡೇ. ಮೈಸೂರಿನ ಕನ್ನಡ ಕಾಶಪ್ಪನವರಿಗೆ ಅರ್ಧ ತಿಳಿಯುತ್ತಿರಲಿಲ್ಲ, ವಿಜಯಪುರದ ಕನ್ನಡ ರಾಮಸ್ವಾಮಿಯವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧದಲ್ಲಿಯೇ ಇಬ್ಬರಿಗೂ ಗಾಢ ಸ್ನೇಹವಾಗಿತ್ತು.

ಮೇ ತಿಂಗಳ ಮೀಟಿಂಗಿನಲ್ಲಿ ಕಾಶಪ್ಪನವರು ಎದ್ದು, ತಮ್ಮ ಬಾತ್‌ರೂಮಿನಲ್ಲಿ ನೀರು ಸರಿಯಾಗಿ ಇಳಿಯುತ್ತಿಲ್ಲವೆಂದೂ ಮಳೆಗೆ ಮುಂಚೆ ಟ್ಯಾಂಕರ್ ಕರೆಸಿ ಟ್ಯಾಂಕು ಖಾಲಿ ಮಾಡಿಸಬೇಕೆಂದೂ ಕೇಳಿದರು. ಸೆಕ್ರೆಟರಿ ಪಾಟಣಕರ್ ಖರ್ಚಿನ ಮಾತು ಬಂದೊಡನೆ ಕನ್ನಡಕ ತೆಗೆದು ಒರೆಸುವವರು. ಒರೆಸುತ್ತ, ಇಂಥ ಟ್ಯಾಂಕನ್ನು ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಿಸಬೇಕೆಂಬ ನಿಯಮವೇನಾದರೂ ಇದೆಯೇ ಎಂದು ಸಭೆಯನ್ನು ಕೇಳಿದರು. ಒಬ್ಬರು ವರ್ಷಕ್ಕೊಮ್ಮೆ ಎಂದರು. ಇನ್ನೊಬ್ಬರು ವಾಸನೆ ಬಂದಾಗ ಎಂದರು. ಮೂರನೆಯವರು ಭಾಯಂದರಿನಲ್ಲಿರುವ ತಮ್ಮ ಷಡ್ಡಕನ ಬಿಲ್ಡಿಂಗಿನಲ್ಲಿ ಟ್ಯಾಂಕು ಎಲ್ಲಿದೆಯೆಂದೇ ಯಾರಿಗೂ ಗೊತ್ತಿಲ್ಲ, ಎಲ್ಲರೂ ಸುಖವಾಗಿದ್ದಾರೆ ಎಂದರು.

ಸೆಪ್ಟಿಕ್, ಸೆಪ್ಟಿಕ್ ಎಂದು ಅಷ್ಟು ಸಲ ಕಿವಿಗೆ ಬಿದ್ದ ಮೇಲೆ ರಾಮಸ್ವಾಮಿಯವರಿಗೆ ತಡೆಯಲಾಗಲಿಲ್ಲ. ಕೈ ಎತ್ತಿದರು. ಸೆಪ್ಟಿಕ್ ಎನ್ನುವುದು ಮೂಲದಲ್ಲಿ ನಮ್ಮ ಸಪ್ತ, ಸೆಪ್ಟೆಂಬರ್ ಕೂಡ ಹಿಂದೆ ಏಳನೆಯ ತಿಂಗಳಾಗಿತ್ತು, ಅದೇ ಇದು ಎಂದು ತಮ್ಮ ಹಿಂದಿಯಲ್ಲಿ ವಿವರಿಸಿ ಕುಳಿತರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಪಾಟಣಕರ್ ಒರೆಸುತ್ತಿದ್ದ ಕನ್ನಡಕವನ್ನು ಏರಿಸಿಕೊಂಡರು. "ಏಳು ಅಂದರೆ, ಏಳು ಏನು?"

ಏಳು ಏನು ಎಂದು ರಾಮಸ್ವಾಮಿ ಯೋಚಿಸಿರಲಿಲ್ಲ.

"ಏಳು ವರ್ಷ," ಎಂದು ಪಾಟಣಕರ್ ತಾವೇ ಉತ್ತರ ಹೇಳಿದರು. ಏಳು ವರ್ಷಕ್ಕೊಮ್ಮೆ ಖಾಲಿ ಮಾಡುವ ಟ್ಯಾಂಕಾದ್ದರಿಂದಲೇ ಅದು ಸೆಪ್ಟಿಕ್ ಟ್ಯಾಂಕು. ಹೋದ ಸಲ ಮಾಡಿಸಿ ನಾಲ್ಕು ವರ್ಷವಾಗಿದೆ, ಇನ್ನೂ ಮೂರು ವರ್ಷ ಯಾರೂ ಅದರ ಮಾತೆತ್ತುವ ಅಗತ್ಯವಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಎಲ್ಲರೂ ತಿರುಗಿ ರಾಮಸ್ವಾಮಿಯವರನ್ನು ನೋಡಿದರು. ಅಷ್ಟು ಜನ ಒಟ್ಟಿಗೆ ಅವರ ಕಡೆ ನೋಡಿದ್ದು ಮದುವೆಯ ಮಂಟಪದ ನಂತರ ಅದೇ ಮೊದಲು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಎರಡಕ್ಕೂ ಸಲ್ಲುವ ಹಾಗೆ ತಲೆಯಾಡಿಸಿದರು. ಶ್ರೀ ರಾಮಸ್ವಾಮಿಯವರ ವಿದ್ವತ್ಪೂರ್ಣ ವಿವರಣೆಯ ಆಧಾರದ ಮೇಲೆ ಎಂದು ಠರಾವು ಬರೆಯಲಾಯಿತು.

ಆಶ್ಚರ್ಯವೆಂದರೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಕಾಶಪ್ಪ. ತಮ್ಮ ಬಾತ್‌ರೂಮಿನ ನೀರು ನಿಂತಲ್ಲೇ ನಿಂತಿದ್ದರೂ ಒಬ್ಬ ಕನ್ನಡದವನಿಗೆ ಮರಾಠಿ, ಗುಜರಾತಿ ಮಂದಿ ಚಪ್ಪಾಳೆ ತಟ್ಟಿದ್ದು ಅವರ ಎದೆ ತುಂಬಿಸಿತ್ತು. ಮನೆಗೆ ಹೋಗಿ ಹೆಂಡತಿ ಮಲ್ಲವ್ವನಿಗೆ, ನಮ್ಮ ಸಾಹೇಬರು ಸಂಸ್ಕೃತದಿಂದ ಲೆಕ್ಕ ಹಾಕಿ ಹೇಳಿದ್ದಾರೆ, ಇನ್ನೂ ಮೂರು ವರ್ಷ ಏನೂ ಆಗುವುದಿಲ್ಲ ಎಂದರು.

"ಗಟಾರಕ್ಕ ಸಂಸ್ಕೃತ ತಿಳೀತೈತೇನು?" ಎಂದು ಮಲ್ಲವ್ವ ಕೇಳಿದರು. ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಇದೊಂದೇ.

ರಾಮಸ್ವಾಮಿಯವರ ಕೀರ್ತಿ ಹಬ್ಬಿತು. ಲಿಫ್ಟಿನಲ್ಲಿ ಸಿಕ್ಕವರು ತಮ್ಮ ತಮ್ಮ ರೋಗದ ಹೆಸರು ಹೇಳಿ ಅದರ ಮೂಲ ಕೇಳತೊಡಗಿದರು. ಗ್ಯಾಸ್ಟ್ರಿಕ್ ಎಂದವರಿಗೆ ಗ್ರಾಸ ಎಂದು ಹೇಳಿ ಕಳಿಸಿದರು. ಅವರು ಊಟ ಕಡಿಮೆ ಮಾಡಿದರು, ಗುಣವೂ ಆಯಿತಂತೆ. ಇಂಥ ಸಾಕ್ಷ್ಯ ಸಿಕ್ಕ ಮೇಲೆ ಯಾವ ಮನುಷ್ಯನ ತಲೆ ತಾನೆ ಭುಜದ ಮೇಲೆ ನಿಂತೀತು?

ಮೇಲೇರಿದ ಆ ತಲೆಯನ್ನು ಕೆಳಗಿಳಿಸಿದವಳು ಮಗಳು ಧಾತ್ರಿ. ಅವಳು ಪವಾಯಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಆಡಲು ಹೋದರೆ ಅರ್ಧದಲ್ಲಿ ಹಿಂದಿ ಬಂದು ಕೈ ಹಿಡಿಯುತ್ತದೆ. ಭಾನುವಾರ ಉಪ್ಪಿಟ್ಟು ತಿನ್ನುತ್ತ ಸಪ್ತದ ಕಥೆ ಕೇಳಿದವಳು ಮೊಬೈಲಿನಲ್ಲಿ ಹುಡುಕಿ ಅಪ್ಪನ ಮುಂದೆ ಹಿಡಿದಳು.

"ಅಪ್ಪಾ, ಇದು ಸಪ್ತ ನಹೀ ಹೈ. ಗ್ರೀಕ್ ವರ್ಡು. ಮತ್ಲಬ್, ಈ ಕೊಳೆಯೋದು ಇರುತ್ತಲ್ಲ, ಸಡ್ನಾ, ಅದು."

ರಾಮಸ್ವಾಮಿ ಸೆಪ್ಟೆಂಬರನ್ನು ಅಡ್ಡ ತಂದರು. ಸೆಪ್ಟೆಂಬರಿನಲ್ಲಿರುವುದು ಲ್ಯಾಟಿನ್ನಿನ ಏಳು, ಅದಕ್ಕೂ ಸಪ್ತಕ್ಕೂ ಸಂಬಂಧ ಇರುವುದು ನಿಜ. ಆದರೆ ಸೆಪ್ಟಿಕ್‌ಗೆ ಆ ಮನೆತನವೇ ಗೊತ್ತಿಲ್ಲ ಎಂದು ಅವಳು ಓದಿ ತೋರಿಸಿದಳು. ಎರಡೂ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಲೋಕಲ್ ರೈಲಿನಲ್ಲಿ ಅಂಟಿ ನಿಂತ ಅಪರಿಚಿತರು. ಕೊನೆಗೆ ಅವಳು ಮೆಲ್ಲಗೆ, ಹಾಗಾದರೆ ಆಂಟಿಸೆಪ್ಟಿಕ್ ಅಂದರೆ ಏಳರ ವಿರೋಧಿ ಅಂತಲಾ ಎಂದು ಕೇಳಿದಳು.

ಆ ಶಬ್ದವನ್ನು ರಾಮಸ್ವಾಮಿ ತಮ್ಮ ಜೀವಮಾನದಲ್ಲಿ ಲಕ್ಷಾಂತರ ಬಾಟಲಿಗಳ ಮೇಲೆ ಕಾಗುಣಿತ ತಪ್ಪದಂತೆ ಕಾಪಾಡಿದ್ದರು. ಉಪ್ಪಿಟ್ಟು ತಟ್ಟೆಯಲ್ಲಿಯೇ ಉಳಿಯಿತು. ಮಳೆ ಶುರುವಾಗುವ ಮೊದಲೇ ಹೋಗಿ ತಪ್ಪಾಯಿತೆಂದು ಹೇಳಿ ಬನ್ನಿ ಎಂದು ವಿಮಲಾ ಅಂಗಿ ತಂದು ಕೈಗಿತ್ತರು.

ತಪ್ಪು ಮಾಡುವುದು ಎಷ್ಟು ಸುಲಭ, ಅದು ತಪ್ಪೆಂದು ಬೇರೆಯವರನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬುದು ಅವರಿಗೆ ಅಂದು ತಿಳಿಯಿತು. ಪಾಟಣಕರ್ ಚಹಾ ಕೊಟ್ಟು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ನಿಜವಾದ ವಿದ್ವಾಂಸರು ಹೀಗೆಯೇ, ತಮ್ಮ ಮೇಲೆ ತಮಗೇ ಅನುಮಾನ ಎಂದು ತಮ್ಮ ಹೆಂಡತಿಗೆ ಅವರನ್ನು ತೋರಿಸಿದರು. ಸೆಪ್ಟಿಕ್ ಅಂದರೆ ಕೊಳೆಸುವುದು ಎಂದೇ ಇಟ್ಟುಕೊಳ್ಳೋಣ. ಆಗಂತೂ ಕೊಳೆಯುವ ಮೊದಲೇ ತೆಗೆಸುವುದು ಆ ಶಬ್ದಕ್ಕೇ ಅಪಚಾರವಲ್ಲವೇ ಎಂದು ಕೇಳಿದರು. ಹೇಗೂ ಠರಾವು ಪಾಸಾಗಿದೆ, ಬದಲಾಯಿಸಬೇಕಾದರೆ ಮುಂದಿನ ಜನರಲ್ ಬಾಡಿಯಲ್ಲಿ ನೋಡೋಣ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಅಲ್ಲಿಂದ ಕೆಳಗಿಳಿದು ಕಾಶಪ್ಪನವರ ಮನೆಗೆ ಹೋದರೆ, ಅವರು ಅದೇ ತಾನೆ ಮೂರನೆಯ ಮಹಡಿಯವನೊಬ್ಬನ ಹತ್ತಿರ ಜಗಳ ಮುಗಿಸಿ ಏದುಸಿರು ಬಿಡುತ್ತಿದ್ದರು. ಆತ ಸಪ್ತದ ಬಗ್ಗೆ ನಕ್ಕಿದ್ದನಂತೆ. ನಮ್ಮ ಸಾಹೇಬರ ಮಾತು ಸುಳ್ಳಾದರೆ ನನ್ನ ಮೀಸೆ ಬೋಳಿಸುತ್ತೇನೆ ಎಂದು ಕಾಶಪ್ಪ ಪಣ ತೊಟ್ಟು ಬಂದಿದ್ದರು. ರಾಮಸ್ವಾಮಿ ಆ ಮೀಸೆಯನ್ನು ನೋಡಿದರು. ತುಂಬು ಮೀಸೆ. "ಅದು ಸ್ವಲ್ಪ ತಪ್ಪಾಗಿದೆ ಕಾಶಪ್ಪನೋರೆ," ಎಂದು ಶುರುಮಾಡಿದರು.

"ಯಾರಿಗೂ ಅಂಜಬ್ಯಾಡ್ರಿ ಸಾಹೇಬ್ರ," ಎಂದು ಕಾಶಪ್ಪ ಅವರ ಕೈ ಹಿಡಿದುಕೊಂಡರು. "ನಾ ಅದೀನಿ. ನೀವು ಹಿಂದ ಸರೀಬ್ಯಾಡ್ರಿ."

ಬಾಯಿಂದ ಆಗದ್ದನ್ನು ಬರವಣಿಗೆಯಿಂದ ಮಾಡಲು ಹೊರಟು ರಾಮಸ್ವಾಮಿ ನೋಟಿಸ್ ಬೋರ್ಡಿನಲ್ಲಿ ಒಂದು ತಿದ್ದುಪಡಿ ಅಂಟಿಸಿದರು. ಲೇಬಲ್ಲಿನ ಅಭ್ಯಾಸ, ಮುಖ್ಯ ವಿಷಯವೆಲ್ಲ ಇರುವೆ ಸಾಲಿನ ಅಕ್ಷರದಲ್ಲಿ ಕೆಳಗಿತ್ತು. ದಪ್ಪಗೆ ಕಾಣುತ್ತಿದ್ದುದು ಸೆಪ್ಟಿಕ್ ನಮ್ಮದಲ್ಲ, ಗ್ರೀಕರದು ಎಂಬ ಒಂದೇ ಸಾಲು. ಸಂಜೆಯೊಳಗೆ, ರಾಮಸ್ವಾಮಿಯವರು ಗ್ರೀಕ್ ಕಂಪನಿಯ ಟ್ಯಾಂಕು ಹಾಕಿಸಲು ಓಡಾಡುತ್ತಿದ್ದಾರೆಂಬ ಸುದ್ದಿ ಟೆರೇಸಿನವರೆಗೆ ಏರಿತ್ತು. ಈಗಿರುವ ಟ್ಯಾಂಕು ಜೋಗೇಶ್ವರಿಯ ಕಂಟ್ರಾಕ್ಟರನೇ ಕಟ್ಟಿದ್ದು, ಅದಕ್ಕೂ ಗ್ರೀಕರಿಗೂ ಸಂಬಂಧವಿಲ್ಲ ಎಂದು ಪಾಟಣಕರ್ ಪ್ರತಿಯಾಗಿ ಒಂದು ನೋಟಿಸ್ ಹಾಕಿದರು. ಔಷಧ ಕಂಪನಿಯಲ್ಲಿದ್ದವರಿಗೆ ಕಮಿಷನ್ ತಿನ್ನುವುದು ರೂಢಿ ಎಂದು ಮೂರನೆಯ ಮಹಡಿಯವನು ಹೇಳಿದ. ಅದಕ್ಕೂ ಹೋಗಿ ಜಗಳವಾಡಿ ಬಂದವರು ಕಾಶಪ್ಪನವರೇ. ರಾಮಸ್ವಾಮಿ ತಾವೇ ಹೋಗಿ ತಮ್ಮ ಚೀಟಿಯನ್ನು ಕಿತ್ತು ತಂದರು.

ಆಮೇಲೆ ಮಳೆ ಬಂತು.

ಆಗಸ್ಟಿನಲ್ಲಿ ಕಾಶಪ್ಪನವರ ಮಗಳು ಮಾಧುರಿಯ ಕುಬಸ. ಏಳನೆಯ ತಿಂಗಳು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಲು ಬೀಗರು ವಿಜಯಪುರದಿಂದ ಬರುವವರಿದ್ದರು. ಮಲ್ಲವ್ವ ಶೇಂಗಾ ಹೋಳಿಗೆ ಮಾಡಿದರು, ರೊಟ್ಟಿ ಪೇರಿಸಿದರು. ಕಾಶಪ್ಪ ಹೊಸ ಸೋಫಾ ತಂದರು. ಬಾತ್‌ರೂಮಿನ ನೀರು ಈಗ ಅರ್ಧ ದಿನವಾದರೂ ಇಳಿಯುತ್ತಿರಲಿಲ್ಲ. ಮಲ್ಲವ್ವ ದಿನಾ ಅದನ್ನು ತೋರಿಸುತ್ತಿದ್ದರು, ಕಾಶಪ್ಪ ದಿನಾ ಇನ್ನೂ ಮೂರು ವರ್ಷ ಎನ್ನುತ್ತಿದ್ದರು. ರಾಮಸ್ವಾಮಿಯವರಿಗಂತೂ ಆ ಬಾಗಿಲ ಮುಂದೆ ಹಾದುಹೋಗುವುದೇ ಕಷ್ಟವಾಗಿತ್ತು. ಎರಡು ಸಲ ಪಾಟಣಕರ್ ಹತ್ತಿರ ಹೋಗಿ ಅಂಗಲಾಚಿದರು. ಎರಡು ಸಲವೂ ಚಹಾ ಸಿಕ್ಕಿತು.

ಕುಬಸದ ದಿನ ಬೆಳಗಿನಿಂದ ಜಡಿಮಳೆ. ಬೀಗಿತ್ತಿ ಹನುಮವ್ವನ ಮುಂದಾಳತ್ವದಲ್ಲಿ ಹೆಂಗಸರೆಲ್ಲ ಸೋಫಾದಲ್ಲಿ, ಚಾಪೆಯಲ್ಲಿ ಕುಳಿತು ಹಾಡು ಶುರುಮಾಡಿದ್ದರು. ಮಾಧುರಿಯ ಮಡಿಲಿಗೆ ಮೊದಲ ಹಿಡಿ ಅಕ್ಕಿ ಬಿದ್ದಿತ್ತು. ಅಷ್ಟರಲ್ಲಿ ಬಾತ್‌ರೂಮಿನ ಕಡೆಯಿಂದ ಗಂಟಲು ಸರಿಮಾಡಿಕೊಂಡಂಥ ಒಂದು ಸದ್ದು ಬಂತು. ಆಮೇಲೆ ಬಂದದ್ದನ್ನು ವರ್ಣಿಸುವುದು ಬೇಡ. ವಿಜಯಪುರದ ಹೆಂಗಸರು ಇಳಕಲ್ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೋಫಾದ ಮೇಲೆ ನಿಂತರು, ಕೆಳಗಿದ್ದವರು ಅವರನ್ನು ಹಿಡಿದುಕೊಂಡು ನಿಂತರು, ಮತ್ತು ಹನುಮವ್ವ, ಶುಭಕಾರ್ಯದಲ್ಲಿ ಹಾಡು ನಿಲ್ಲಬಾರದೆಂಬ ನಂಬಿಕೆಯವರಾದ್ದರಿಂದ, ಮೂಗಿಗೆ ಸೆರಗು ಹಿಡಿದೇ ಹಾಡು ಮುಂದುವರಿಸಿದರು.

ವಿಮಲಾ ಕೆಳಗೆ ಓಡಿಬಂದು ಮಾಧುರಿಯನ್ನು ಕೈಹಿಡಿದು ಎರಡನೆಯ ಮಹಡಿಯ ತಮ್ಮ ಮನೆಗೆ ಕರೆತಂದರು. ಹಿಂದೆಯೇ ಹೋಳಿಗೆ, ಆರತಿ ತಟ್ಟೆ, ಬೀಗರು ಎಲ್ಲ ಮೆಟ್ಟಿಲೇರಿ ಬಂದರು. ಕುಬಸ ರಾಮಸ್ವಾಮಿಯವರ ಹಾಲಿನಲ್ಲಿ ಮುಂದುವರಿಯಿತು. ಎಷ್ಟು ಊದಿನಕಡ್ಡಿ ಹಚ್ಚಿದರೂ ಅತಿಥಿಗಳ ಸೀರೆಯಂಚಿನ ಮುಂದೆ ಅದರ ಆಟ ನಡೆಯಲಿಲ್ಲ.

ಒಂದಿಷ್ಟು ಸಾವರಿಸಿಕೊಂಡ ಮೇಲೆ ಹನುಮವ್ವ, ಟ್ಯಾಂಕು ಇಷ್ಟು ತುಂಬುವವರೆಗೆ ಯಾಕೆ ಬಿಟ್ಟಿರಿ ಎಂದು ಕಾಶಪ್ಪನವರನ್ನು ಕೇಳಿದರು. ಕಾಶಪ್ಪ ರಾಮಸ್ವಾಮಿಯವರ ಕಡೆ ನೋಡಲಿಲ್ಲ. ನೆಲ ನೋಡುತ್ತ, ಸೊಸೈಟಿಯವರು ಏಳು ವರ್ಷ ಅಂದಿದ್ದರು ಎಂದಷ್ಟೇ ಹೇಳಿದರು.

ಬಾಗಿಲ ಬಳಿ ನಿಂತಿದ್ದ ರಾಮಸ್ವಾಮಿಯವರಿಗೆ ಇದು ತಡೆಯಲಾರದ ಮಾತಾಯಿತು. ಮುಂದೆ ಬಂದು ಕೈಮುಗಿದರು. "ಅದನ್ನ ಹೇಳಿದ್ದು ಸೊಸೈಟಿ ಅಲ್ಲಮ್ಮ, ನಾನು. ತಪ್ಪು ಹೇಳಿದೆ." ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ತಪ್ಪನ್ನು ಪೂರ್ತಿ ಒಪ್ಪಿಕೊಳ್ಳಬೇಕೆಂದು ಸಪ್ತದಿಂದ ಆರಂಭಿಸಿ, ಸೆಪ್ಟೆಂಬರನ್ನು ಹಾದು, ಗ್ರೀಕರವರೆಗೆ ಹೋದರು. ನಡುನಡುವೆ ಸಂಸ್ಕೃತ ಬಂತು. ಕಣ್ಣಲ್ಲಿ ನೀರೂ ಬಂತು.

ವಿಜಯಪುರದ ಹೆಂಗಸರಿಗೆ ಈ ಮೈಸೂರಿನ ಕನ್ನಡದಲ್ಲಿ ಸಪ್ತ ಎಂಬುದೊಂದು ತಿಳಿಯಿತು. ಅವರು ಒಬ್ಬೊಬ್ಬರಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡರು. "ಸುಮ್ನ ಕೇಳ್ರಿ, ಅಜ್ಜಾರು ಶಾಸ್ತ್ರ ಹೇಳಾಕತ್ಯಾರ," ಎಂದು ಹನುಮವ್ವ ಗದರಿಸಿದರು. ಏಳನೆಯ ತಿಂಗಳ ಬಸುರಿಯ ಮುಂದೆ ಏಳರ ಮಹಿಮೆ ಕೇಳಿಬಂದದ್ದು ದೊಡ್ಡ ಶುಭವೆಂದು ತೀರ್ಮಾನವಾಗಿ, ಮುಗಿದೊಡನೆ ಮಾಧುರಿಯಿಂದ ಅವರ ಕಾಲಿಗೆ ನಮಸ್ಕಾರ ಮಾಡಿಸಿದರು. ರಾಮಸ್ವಾಮಿ ಅಕ್ಷತೆ ಹಿಡಿದು ನಿಂತರು. ಅವರು ಹೇಳಿದ್ದು ಒಬ್ಬರಿಗೆ ಮಾತ್ರ ಪೂರ್ತಿ ಅರ್ಥವಾಗಿತ್ತು. ಮಲ್ಲವ್ವ ಅವರ ಮುಖವನ್ನೊಮ್ಮೆ ನೋಡಿ ಅಡುಗೆಮನೆಗೆ ನಡೆದರು.

ಮರುದಿನ ಟ್ಯಾಂಕರ್ ಬಂತು, ಅದರ ಹಿಂದೆ ವಾರ್ಡಿನ ಇನ್ಸ್‌ಪೆಕ್ಟರೂ ಬಂದರು. ಪಕ್ಕದ ಬಿಲ್ಡಿಂಗಿನವರು ದೂರು ಕೊಟ್ಟಿದ್ದರು. ಏಳು ವರ್ಷದ ನಿಯಮ ಯಾರು ಮಾಡಿದ್ದು ಎಂದು ಕೇಳಿದಾಗ ಪಾಟಣಕರ್ ಠರಾವು ತೆಗೆದು ವಿದ್ವತ್ಪೂರ್ಣ ಎಂಬ ಪದದ ಮೇಲೆ ಬೆರಳಿಟ್ಟರು. ರಾಮಸ್ವಾಮಿಯವರನ್ನು ಕರೆಸಲಾಯಿತು. ಬೈಗುಳ ತಿಂದರಾದರೂ ಮನಸ್ಸು ಹಗುರವಾದೀತೆಂದು ಅವರು ಆಸೆಯಿಂದಲೇ ಇಳಿದು ಬಂದರು. ಇನ್ಸ್‌ಪೆಕ್ಟರ್ ಠರಾವನ್ನು ಎರಡು ಸಲ ಓದಿ ಸೊಸೈಟಿಗೆ ಎಚ್ಚರಿಕೆಯ ನೋಟಿಸ್ ಬರೆದುಕೊಟ್ಟರು. ಆಮೇಲೆ ರಾಮಸ್ವಾಮಿಯವರನ್ನು ಗೇಟಿನ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ತಮಗೆ ಸೊಂಟದಿಂದ ಕಾಲಿನವರೆಗೆ ಸಯಾಟಿಕಾ ನೋವಿದೆ, ಅದರ ಮೂಲ ಏನಿರಬಹುದು ಎಂದು ಕೇಳಿದರು.

ಇನ್ನು ಮುಂದೆ ಯಾವ ಶಬ್ದದ ಮೂಲವನ್ನೂ ಯಾರಿಗೂ ಹೇಳುವುದಿಲ್ಲವೆಂದು ವಿಮಲಾ ಅಂದೇ ಗಂಡನನ್ನು ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿದರು. ಅವರೂ ಮನಃಪೂರ್ವಕ ಹಾಕಿದರು.

ಮನೆ ತೊಳೆದು, ಒಣಗಿಸಿ, ಬಣ್ಣ ಹೊಡೆಯುವವರೆಗೆ ಕಾಶಪ್ಪನವರ ಸಂಸಾರ ರಾಮಸ್ವಾಮಿಯವರ ಹಾಲಿನಲ್ಲಿಯೇ ಇತ್ತು. ಸೋಫಾವನ್ನು ಹಳೆ ಸಾಮಾನು ಕೊಳ್ಳುವ ಭಂಗಾರಿನವನೂ ಒಯ್ಯಲು ಒಪ್ಪಲಿಲ್ಲ. ಮಲ್ಲವ್ವ ಮತ್ತು ವಿಮಲಾ ಒಂದೇ ಒಲೆಯ ಮುಂದೆ ಅಕ್ಕತಂಗಿಯರಂತೆ ನಿಂತು ಅಡಿಗೆ ಮಾಡುತ್ತಿದ್ದರು, ಆದರೆ ಮಲ್ಲವ್ವ ರಾಮಸ್ವಾಮಿಯವರ ಜೊತೆ ಮಾತು ಬಿಟ್ಟಿದ್ದರು. ಬಡಿಸುವಾಗ ಅವರ ಎದುರಿಗೇ ನಿಂತು, "ಅವರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳ್ರಿ," ಎಂದು ವಿಮಲಾಗೆ ಹೇಳುವರು. ರಾಮಸ್ವಾಮಿ ಬೇಡ ಎಂದು ಗೋಡೆಗೆ ಹೇಳುವರು. ಕಾಶಪ್ಪ ಮಾತ್ರ ಬದಲಾಗಿರಲಿಲ್ಲ. ಮೂರನೆಯ ಮಹಡಿಯವನು ನೆನಪಿಸುವ ಮೊದಲೇ ಮೀಸೆ ಬೋಳಿಸಿಕೊಂಡು ಬಂದಿದ್ದರು; ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ. ಆದರೆ ತಪ್ಪಿದ್ದು ಟ್ಯಾಂಕು, ಸಾಹೇಬರಲ್ಲ ಎಂಬುದು ಅವರ ನಿಲುವು. ಸಂಜೆ ಅಂಗಡಿಯಿಂದ ಬಂದು ಚಹಾ ಹಿಡಿದು ಕುಳಿತು ಲ್ಯಾಚ್ ಎಲ್ಲಿಂದ ಬಂತು, ಹ್ಯಾಂಡಲ್ ಎಲ್ಲಿಂದ ಬಂತು ಎಂದು ಕೇಳುವರು. ರಾಮಸ್ವಾಮಿಯವರಿಗೆ ಕೆಮ್ಮು ಬರುವುದು, ಇಲ್ಲವೇ ಹಾಲು ತರುವ ನೆನಪಾಗುವುದು. ಆ ದಿನಗಳಲ್ಲಿ ಮನೆಯಲ್ಲಿ ಹಾಲು ಬಹಳ ಉಳಿಯಿತು.

ಕಾಶಪ್ಪನವರು ಕೆಳಗಿನ ಮನೆಗೆ ಹಿಂದಿರುಗಿ, ದೀಪಾವಳಿ ಕಳೆದು, ಮಾಧುರಿಗೆ ಗಂಡು ಮಗುವಾಯಿತು. ಹೆಸರಿಡುವ ದಿನ ಹನುಮವ್ವ ಮತ್ತೆ ತಮ್ಮ ದಂಡಿನೊಡನೆ ಬಂದರು. ಹೊಸ ಬಣ್ಣದ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕುಳಿತ ರಾಮಸ್ವಾಮಿಯವರ ಎಲೆಯ ಮುಂದೆ ಮಲ್ಲವ್ವ ಪಾತ್ರೆ ಹಿಡಿದು ನಿಂತರು. ವಿಮಲಾ ಪಕ್ಕದಲ್ಲಿಯೇ ಇದ್ದರು. ಮಲ್ಲವ್ವ ಅವರನ್ನು ಕೇಳಲಿಲ್ಲ.

"ಇನ್ನೊಂದು ಹೋಳಿಗಿ ಹಾಕಲೇನ್ರಿ?" ಎಂದು ರಾಮಸ್ವಾಮಿಯವರ ಮುಖ ನೋಡಿಯೇ ಕೇಳಿದರು.

ಅವರು ಹಾಕಿ ಎಂದರು. ಎರಡು ಹಾಕಿಸಿಕೊಂಡರು. ಮೇ ತಿಂಗಳಿನಿಂದ ಎದೆಯ ಮೇಲೆ ಕುಳಿತಿದ್ದ ಕಲ್ಲು ಅಂದು ಇಳಿಯಿತೆಂದು ಅವರಿಗೆ ಅನ್ನಿಸಿತು. ಊಟ ಮುಗಿಸಿ ಎಲ್ಲರೊಡನೆ ತೊಟ್ಟಿಲ ಬಳಿ ಬಂದು ನಿಂತರು.

ಮಾಧುರಿಯ ನಾದಿನಿ ಮಗುವಿನ ಕಿವಿಯಲ್ಲಿ ಹೆಸರು ಊದಿದಳು. ಸೃಜನ್. ಹನುಮವ್ವ ಅದನ್ನು ಸುರ್ಜನ ಎಂದು ಒಮ್ಮೆ, ಸರ್ಜನ ಎಂದು ಒಮ್ಮೆ ಹೇಳಿ ನೋಡಿ, ಹಂಗಂದರೆ ಏನು ಎಂದು ತಮ್ಮ ಮಗನನ್ನು, ಮಗುವಿನ ಅಪ್ಪನನ್ನು ಕೇಳಿದರು. ಮೊಬೈಲಿನಲ್ಲಿ ನೋಡಿದೆ, ಕೇಳಲು ಚೆನ್ನಾಗಿತ್ತು, ಇಟ್ಟೆ ಎಂದು ಅವನು ಹೇಳಿದ.

ಕಾಶಪ್ಪನವರ ಮುಖ ಅರಳಿತು. ಮೀಸೆ ಆಗಲೇ ಮುಕ್ಕಾಲು ಬೆಳೆದಿತ್ತು. ನಮ್ಮ ಸಾಹೇಬರು ಇಲ್ಲೇ ಇದ್ದಾರಲ್ಲ ಎಂದು ಅವರು ರಾಮಸ್ವಾಮಿಯವರ ಹೆಗಲ ಮೇಲೆ ಕೈಯಿಟ್ಟು ತೊಟ್ಟಿಲ ಮುಂದಕ್ಕೆ ಕರೆತಂದರು. ವಿಜಯಪುರದ ಹೆಂಗಸರು ಸೆರಗು ಸರಿಮಾಡಿಕೊಂಡರು. ರಾಮಸ್ವಾಮಿ ಮಗುವನ್ನು ನೋಡಿದರು. ಹೆಂಗಸರ ನಡುವೆ ನಿಂತ ವಿಮಲಾರನ್ನು ನೋಡಿದರು. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ," ಎಂದರು ರಾಮಸ್ವಾಮಿ.

ಕಾಶಪ್ಪ ತಮಾಷೆಯೆಂದು ನಕ್ಕು, ಹೇಳ್ರಿ ಸಾಹೇಬ್ರ ಎಂದರು. ಅವರು ಮತ್ತೆ ಗೊತ್ತಿಲ್ಲವೆಂದರು. ಕಾಶಪ್ಪನವರ ಕೈ ನಿಧಾನವಾಗಿ ಹೆಗಲಿನಿಂದ ಕೆಳಗಿಳಿಯಿತು.

"ಗಟಾರಕ್ಕ ಅಷ್ಟು ಮೂಲ ತಗದು ಹೇಳಿದ್ರಿ," ಎಂದು ಅವರು, ಬೀಗರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು. "ನನ್ನ ಮೊಮ್ಮಗಗ ಒಂದು ಮಾತು ಇಲ್ಲೇನ್ರಿ?"

ಹೆಂಗಸರು ಹಾಡು ಶುರುಮಾಡಿದರು. ಕಾಶಪ್ಪ ತಿರುಗಿ ಹೋಗಿ ತೊಟ್ಟಿಲಿನ ಆಚೆ ಬದಿಗೆ ನಿಂತು ಹಗ್ಗ ಹಿಡಿದು ತೂಗತೊಡಗಿದರು. ಮತ್ತೆ ಈ ಕಡೆ ನೋಡಲಿಲ್ಲ. ರಾಮಸ್ವಾಮಿ ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದರು. ಸೃಜ್ ಎಂಬ ಧಾತು, ಹೊಸದಾಗಿ ಸೃಷ್ಟಿಸುವುದು ಎಂದು ಅರ್ಥ. ಇಡೀ ವರ್ಷದಲ್ಲಿ ಜನ ಅವರನ್ನು ಕೇಳಿದ ಶಬ್ದಗಳಲ್ಲಿ ಅವರಿಗೆ ನಿಜವಾಗಿಯೂ ಗೊತ್ತಿದ್ದದ್ದು ಇದೊಂದೇ.